ಬಿಪಿ ಚೀಟಿಯ ಎರಡು ಸಂಖ್ಯೆಗಳನ್ನು ಓದುವುದು ಹೇಗೆ?

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಯಾವುದಾದರೂ ಸಂಘದವರು ಭಾನುವಾರ ಆರೋಗ್ಯ ಶಿಬಿರ ಇಟ್ಟರೆ ಮೊದಲು ಸಾಲು ಬೆಳೆಯುವುದು ಬಿಪಿ ನೋಡುವ ಮೇಜಿನ ಮುಂದೆ. ಎರಡು ನಿಮಿಷದ ಕೆಲಸ. ತೋಳಿಗೆ ಪಟ್ಟಿ ಸುತ್ತುತ್ತಾರೆ, ಮೆಷಿನ್ ಗಾಳಿ ತುಂಬಿಕೊಂಡು ಬಿಡುತ್ತದೆ, ಚೀಟಿಯಲ್ಲಿ 148/92 ಅಂತ ಬರೆದು ಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ಆ ಚೀಟಿ ಹಿಡಿದು ಹೊರಗೆ ಬಂದ ಕೆಲವರಿಗೆ ಅವತ್ತು ರಾತ್ರಿ ನಿದ್ದೆ ಇಲ್ಲ. ಇನ್ನು ಕೆಲವರು ಅದನ್ನು ಅಂಗಿ ಜೇಬಿಗೆ ತುರುಕಿ, "ಎನಗೆಂತದೂ ಆಯಿದಿಲ್ಲೆ" ಅಂತ ಸೀದಾ ತೋಟಕ್ಕೆ ಹೋಗುತ್ತಾರೆ. ಎರಡೂ ಸರಿಯಲ್ಲ. ಒಂದು ಸಲ ಬಂದ ಸಂಖ್ಯೆಯನ್ನು ಅಷ್ಟಾಗಿ ನಂಬಬಾರದು. ಆದರೆ ಸರಿಯಾದ ಕ್ರಮದಲ್ಲಿ ಹಲವು ಸಲ ನೋಡಿದ ಮೇಲೂ ಅದೇ ಬರುತ್ತಿದ್ದರೆ, ಮೈಗೆ ಏನೂ ಅನಿಸದಿದ್ದರೂ ನಂಬಲೇಬೇಕು. ನಮ್ಮೂರಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು. ಒಂದೇ ಚೀಟಿಗೆ ಹೆದರುತ್ತೇವೆ, ವರ್ಷಗಟ್ಟಲೆ ಜಾಸ್ತಿ ಇರುವ ಬಿಪಿಗೆ ಹೆದರುವುದಿಲ್ಲ.

ಮೊದಲು ಆ ಎರಡು ಸಂಖ್ಯೆಗಳು ಏನು ಅಂತ ನೋಡೋಣ. ಹೃದಯ ಹಿಂಡಿಕೊಂಡು ರಕ್ತವನ್ನು ಹೊರಗೆ ನೂಕುತ್ತದಲ್ಲ, ಆಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಸಂಖ್ಯೆ. ಡಾಕ್ಟ್ರು ಅದಕ್ಕೆ ಸಿಸ್ಟೋಲಿಕ್ ಅನ್ನುತ್ತಾರೆ. ಹೃದಯ ಸಡಿಲವಾಗಿ ಮತ್ತೆ ರಕ್ತ ತುಂಬಿಕೊಳ್ಳುವ ಹೊತ್ತಿನಲ್ಲೂ ನಾಳದೊಳಗೆ ಉಳಿದಿರುವ ಒತ್ತಡ ಕೆಳಗಿನ ಸಂಖ್ಯೆ, ಡಯಾಸ್ಟೋಲಿಕ್. ಅಡಕೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವವರಿಗೆ ಇದು ಬೇಗ ಅರ್ಥವಾದೀತು. ಪಂಪಿನ ಒತ್ತಡ ಕಮ್ಮಿಯಾದರೆ ಕೊನೆಯ ಸಾಲಿನ ಜೆಟ್ ತಿರುಗುವುದಿಲ್ಲ, ಜಾಸ್ತಿಯಾದರೆ ಎಲ್ಲೋ ಒಂದು ಕಡೆ ಜಾಯಿಂಟ್ ಬಿಡುತ್ತದೆ. ಒಂದೇ ವ್ಯತ್ಯಾಸ ಏನೆಂದರೆ ನಮ್ಮ ರಕ್ತನಾಳ ಪೈಪಿನಂತೆ ಗಟ್ಟಿ ಅಲ್ಲ. ರಕ್ತ ನುಗ್ಗಿದಾಗ ಅದು ಹಿಗ್ಗುತ್ತದೆ, ಹೃದಯ ಸಡಿಲವಾದಾಗ ಕುಗ್ಗಿ ರಕ್ತವನ್ನು ಮುಂದೆ ದೂಡುತ್ತದೆ. ಅದಕ್ಕೇ ಎರಡು ಬಡಿತಗಳ ನಡುವೆಯೂ ಒತ್ತಡ ಸೊನ್ನೆಗೆ ಇಳಿಯುವುದಿಲ್ಲ.

ವಯಸ್ಸಾಗುತ್ತಾ ನಾಳಗಳು ಈ ಹಿಗ್ಗುವ ಗುಣ ಕಳೆದುಕೊಳ್ಳುತ್ತವೆ. ಹಾಗಾಗಿ 65-70 ದಾಟಿದವರಲ್ಲಿ 168/74 ಎನ್ನುವಂಥ ಓದುವಿಕೆ ಸಾಮಾನ್ಯ. ಮೇಲಿನದ್ದು ಏರಿರುತ್ತದೆ, ಕೆಳಗಿನದ್ದು ಇಳಿದಿರುತ್ತದೆ. "ಕೆಳಗಿನದ್ದು ಸರಿ ಉಂಟಲ್ಲ, ಅದೇ ಮುಖ್ಯ" ಅಂತ ಸಮಾಧಾನ ಮಾಡಿಕೊಳ್ಳುವವರನ್ನು ತುಂಬ ನೋಡಿದ್ದೇನೆ. ಒಂದು ಕಾಲದಲ್ಲಿ ಡಾಕ್ಟ್ರುಗಳೂ ಹಾಗೇ ಹೇಳುತ್ತಿದ್ದರು. ಈಗ ಗೊತ್ತಿರುವುದೇ ಬೇರೆ. 50 ವರ್ಷ ದಾಟಿದವರಲ್ಲಿ ಪಾರ್ಶ್ವವಾಯು ಮತ್ತು ಹೃದಯಾಘಾತದ ಅಪಾಯವನ್ನು ಹೆಚ್ಚು ಸರಿಯಾಗಿ ತೋರಿಸುವುದು ಮೇಲಿನ ಸಂಖ್ಯೆ.

ಅಳೆಯುವುದು ಪಾದರಸದ ಲೆಕ್ಕದಲ್ಲಿ. 120 ಅಂದರೆ 120 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವಷ್ಟು ಒತ್ತಡ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಅದೇ ಒತ್ತಡ ನೀರನ್ನಾದರೆ ಒಂದೂವರೆ ಮೀಟರಿಗೂ ಮೇಲೆ ಎತ್ತುತ್ತದೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ನೋಡಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿತ್ತು. ಅದನ್ನು ಆತ ಪ್ರಕಟಿಸಿದ್ದು 1733ರಲ್ಲಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಉಪಾಯ ಬಂದದ್ದು 1896ರಲ್ಲಿ, ಇಟಲಿಯ ರಿವಾ-ರೋಚಿಯಿಂದ. ಪಟ್ಟಿಯ ಗಾಳಿ ಬಿಡುತ್ತಾ ಬಂದಂತೆ ಸ್ಟೆತಸ್ಕೋಪಿನಲ್ಲಿ ಟಪ್ ಟಪ್ ಅಂತ ಸದ್ದು ಶುರುವಾಗುವುದು ಮೇಲಿನ ಸಂಖ್ಯೆ, ಆ ಸದ್ದು ನಿಂತುಹೋಗುವುದು ಕೆಳಗಿನ ಸಂಖ್ಯೆ ಎಂದು 1905ರಲ್ಲಿ ತೋರಿಸಿಕೊಟ್ಟವನು ರಷ್ಯಾದ ಕೊರೊಟ್ಕೊವ್. ಈಗಿನ ಬ್ಯಾಟರಿ ಮೆಷಿನ್ ಸದ್ದು ಕೇಳುವುದಿಲ್ಲ, ಪಟ್ಟಿಯೊಳಗಿನ ಗಾಳಿಯ ಸಣ್ಣ ನಡುಕವನ್ನು ಹಿಡಿದು ಲೆಕ್ಕ ಹಾಕುತ್ತದೆ. ಹಾಗಾಗಿ ನೀವು ಕೈ ಅಲ್ಲಾಡಿಸಿದರೆ, ಅಥವಾ ನಿಮ್ಮ ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ, ಅದರ ಲೆಕ್ಕ ತಪ್ಪಬಹುದು.

ಈಗ ಆ ಶಿಬಿರದ ಮೇಜಿಗೇ ಹೋಗೋಣ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದೀರಿ. ಬೆಳಿಗ್ಗೆ ಚಾ ಕುಡಿದು, ಸಾಲಿನಲ್ಲಿ ನಿಂತಾಗ ಎಲೆಯಡಕೆಗೆ ಒಂದು ಚೂರು ಹೊಗೆಸೊಪ್ಪೂ ಸೇರಿಸಿ ಬಾಯಿಗೆ ಹಾಕಿದ್ದೀರಿ. ಒಂದಕ್ಕೆ ಹೋಗಬೇಕು ಅನಿಸಿದರೂ ಸಾಲು ತಪ್ಪಿಹೋದೀತು ಅಂತ ತಡೆದುಕೊಂಡಿದ್ದೀರಿ. ಬೆನ್ನಿಗೆ ಆಧಾರ ಇಲ್ಲದ ಸ್ಟೂಲಿನಲ್ಲಿ ಕೂತಿದ್ದೀರಿ, ಕಾಲ ಮೇಲೆ ಕಾಲು. ಅಂಗಿ ತೋಳಿನ ಮೇಲೆಯೇ ಪಟ್ಟಿ ಸುತ್ತಿದ್ದಾರೆ. ಪಕ್ಕದಲ್ಲಿ ಕೂತ ಭಾವನ ಹತ್ತಿರ ಈ ವರ್ಷದ ಅಡಕೆ ರೇಟಿನ ಮಾತು ನಡೆಯುತ್ತಾ ಉಂಟು. ಇವುಗಳಲ್ಲಿ ಒಂದೊಂದೂ ಸಂಖ್ಯೆಯನ್ನು ಸ್ವಲ್ಪ ಸ್ವಲ್ಪ ಮೇಲೆ ದೂಡುತ್ತದೆ. ನಿಕೋಟಿನ್ ನಾಳಗಳನ್ನು ಬಿಗಿಯಾಗಿಸುತ್ತದೆ, ತುಂಬಿದ ಮೂತ್ರಕೋಶ ಒತ್ತಡ ಏರಿಸುತ್ತದೆ, ಮಾತಾಡಿದರೂ ಏರುತ್ತದೆ. ಎಲ್ಲ ಸೇರಿದರೆ 130ರವರಿಗೆ 148 ಬಂದರೆ ಆಶ್ಚರ್ಯವಿಲ್ಲ. ಮೆಷಿನ್ ಸುಳ್ಳು ಹೇಳಿಲ್ಲ, ಆ ಕ್ಷಣದ ಬಿಪಿ ಅಷ್ಟೇ ಇತ್ತು. ಆದರೆ ನಮಗೆ ಬೇಕಾಗಿದ್ದು ಆ ಕ್ಷಣದ್ದಲ್ಲ ಅಲ್ವಾ?

ಕೈ ಇಡುವ ಎತ್ತರ ಹೆಚ್ಚಿನವರು ಗಮನಿಸದ ಸಂಗತಿ. ಪಟ್ಟಿ ಹೃದಯದ ಮಟ್ಟದಲ್ಲಿ ಇರಬೇಕು. ಕೆಳಗಿದ್ದರೆ ನಡುವಿನ ರಕ್ತದ ಭಾರವೂ ಸೇರಿಕೊಳ್ಳುತ್ತದೆ. ಪ್ರತಿ 10 ಸೆಂಟಿಮೀಟರಿಗೆ ಸುಮಾರು 7ರಿಂದ 8ರಷ್ಟು ಜಾಸ್ತಿ. ಕೈಯನ್ನು ಮಡಿಲಲ್ಲಿ ಇಟ್ಟರೆ ಮೇಲಿನ ಸಂಖ್ಯೆ 4ರಷ್ಟು, ಪಕ್ಕಕ್ಕೆ ಇಳಿಬಿಟ್ಟರೆ 6ಕ್ಕೂ ಹೆಚ್ಚು ಏರುತ್ತದೆ ಎಂದು 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಸುಮ್ನೆ ಒಂದು ಮೇಜು ಮತ್ತು ಅದರ ಮೇಲೆ ಮಡಚಿದ ಬೈರಾಸು ಇದ್ದರೆ ಈ ತಪ್ಪು ಹೋಗುತ್ತದೆ. ಪಟ್ಟಿಯ ಅಳತೆಯೂ ಮುಖ್ಯ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಸಂಖ್ಯೆ ಹೆಚ್ಚೇ ಬರುತ್ತದೆ, ಕೆಲವೊಮ್ಮೆ ತುಂಬಾ ಹೆಚ್ಚು. ಮೆಷಿನ್ ಜೊತೆ ಬರುವ ಪಟ್ಟಿಯ ಮೇಲೆ 22-32 ಸೆಂ.ಮೀ. ಅಂತ ಏನಾದರೂ ಬರೆದಿರುತ್ತದೆ. ಹೊಲಿಗೆಯ ಟೇಪಿನಲ್ಲಿ ತೋಳಿನ ಮಧ್ಯದ ಸುತ್ತಳತೆ ನೋಡಿ, ಅದಕ್ಕೆ ಹೊಂದುವುದನ್ನೇ ಕೇಳಿ ತನ್ನಿ.

ಇನ್ನು ಕೆಲವರಿಗೆ ಬಿಳಿ ಕೋಟು ಕಂಡ ಕೂಡಲೇ ಬಿಪಿ ಏರುತ್ತದೆ. ಮನೆಯಲ್ಲಿ 126, ಡಾಕ್ಟ್ರ ಎದುರು 150. ನಮ್ಮ ಕಡೆಯ ಹಿರಿಯರಲ್ಲಿ ಇದು ಇನ್ನೂ ಜಾಸ್ತಿ ಇರಬಹುದು ಅಂತ ನನಗೆ ಅನಿಸುತ್ತದೆ. ಸರಿಯಾಗಿ ಬಾರದ ಮಲಯಾಳದಲ್ಲಿ ನರ್ಸಿಗೆ ಉತ್ತರ ಹೇಳಬೇಕು, ಫಾರ್ಮಿನಲ್ಲಿ ಏನು ಬರೆದಿದೆ ಅಂತ ಗೊತ್ತಾಗುವುದಿಲ್ಲ, ಎಲ್ಲಿ ಸಹಿ ಹಾಕಬೇಕೆಂಬ ಗಾಬರಿ ಬೇರೆ. ಆ ಗಾಬರಿಯಲ್ಲಿ ಕೂತವರ ಸಂಖ್ಯೆ ಏರದೆ ಇದ್ದೀತೇ? ಇದಕ್ಕೆ ತದ್ವಿರುದ್ಧವೂ ಉಂಟು, ಅದು ಹೆಚ್ಚು ಅಪಾಯ. ಆಸ್ಪತ್ರೆಯಲ್ಲಿ ಸರಿ ಇರುತ್ತದೆ, ಮನೆಯಲ್ಲಿ, ಕೆಲಸದಲ್ಲಿ ಜಾಸ್ತಿ. ಇಂಥವರದ್ದು ಶಿಬಿರದಲ್ಲಿ ಸಿಕ್ಕಿಬೀಳುವುದೇ ಇಲ್ಲ. ಈ ಎರಡನ್ನೂ ಬೇರ್ಪಡಿಸಲು ಮನೆಯಲ್ಲಿ ನೋಡಿಕೊಳ್ಳುವುದು ಬಿಟ್ಟರೆ 24 ಗಂಟೆ ಕಟ್ಟಿಕೊಂಡಿರುವ ಮೆಷಿನ್ ಒಂದೇ ದಾರಿ. ಅದು ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ.

ಮನೆಯಲ್ಲಿ ನೋಡುವುದು ಹೀಗೆ. ತೋಳಿಗೆ ಕಟ್ಟುವ ಮೆಷಿನನ್ನೇ ತೆಗೆದುಕೊಳ್ಳಿ, ಮಣಿಕಟ್ಟಿನದ್ದು ಮತ್ತು ಬೆರಳಿನದ್ದು ಅಷ್ಟು ನಂಬಿಕೆಗೆ ಬರುವುದಿಲ್ಲ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು, ಮಾತ್ರೆ ತೆಗೆದುಕೊಳ್ಳುವ ಮೊದಲು. ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ ಐದು ನಿಮಿಷ ಮಾತಿಲ್ಲದೆ ಕೂತುಕೊಳ್ಳಿ, ಮೊಬೈಲೂ ಬೇಡ. ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಸಂಜೆಯೂ ಹಾಗೇ. ಏಳು ದಿನ ಹೀಗೆ ಮಾಡಿ, ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮೊದಲ ಬಾರಿ ಎರಡೂ ಕೈಯಲ್ಲಿ ನೋಡಿ, ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಅದರಲ್ಲೇ. ಎರಡು ಕೈಗಳ ನಡುವೆ 15ಕ್ಕಿಂತ ಹೆಚ್ಚು ಅಂತರ ಪದೇ ಪದೇ ಬಂದರೆ ಅದನ್ನು ಡಾಕ್ಟ್ರಿಗೆ ಹೇಳಬೇಕು. ರಾತ್ರಿ ಇಡೀ ಕೋಲಕ್ಕೋ ಆಟಕ್ಕೋ ನಿದ್ದೆಗೆಟ್ಟು ಬಂದ ಬೆಳಿಗ್ಗೆ ಮಾತ್ರ ನೋಡಲು ಹೋಗಬೇಡಿ.

ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಇದನ್ನು ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ಏಕಾದಶಿ, ಸಂಕಷ್ಟಿ, ಹಾಲಿನ ಲೆಕ್ಕ, ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬಿಪಿ. ಬೆಳಗಿನದ್ದು ಮಾತ್ರ ಹೇಳುತ್ತೇನೆ. ಮೊದಲ ದಿನ 158/94. ಆಮೇಲೆ 146/88, 142/86, 150/90, 138/84, 144/88, 144/86. ಅವರು ನನಗೆ ತೋರಿಸಿದ್ದು 138ನ್ನು. "ನೋಡು, ಇಳಿದಿದೆ, ಇನ್ನು ಮಾತ್ರೆ ಯಾಕೆ?" ಅವರ ಮಗ ಫೋನ್ ಮಾಡಿ ಗಾಬರಿಪಟ್ಟದ್ದು 158ಕ್ಕೆ. ಎರಡನ್ನೂ ಬಿಟ್ಟು ಲೆಕ್ಕ ಹಾಕಬೇಕು ಅಂತಲ್ಲ, ಮೊದಲ ದಿನದ್ದನ್ನಷ್ಟೇ ಬಿಟ್ಟು ಉಳಿದ ಆರನ್ನೂ ಕೂಡಿಸಿ ಭಾಗಿಸಿದರೆ 144/87. ದೊಡ್ಡಮ್ಮನ ಬಿಪಿ ಅಂದರೆ ಇದು. 158 ಅಲ್ಲ, 138 ಕೂಡ ಅಲ್ಲ.

ಅದು ಜಾಸ್ತಿಯೋ ಸರಿಯೋ? ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ನಮ್ಮ ದೇಶದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳು ಅನುಸರಿಸುವ ಗೆರೆ ಇದು, ವಿಶ್ವ ಆರೋಗ್ಯ ಸಂಸ್ಥೆಯದ್ದೂ ಇದೇ. ಎರಡರಲ್ಲಿ ಒಂದು ಸಂಖ್ಯೆ ಗೆರೆ ದಾಟಿದರೂ ಸಾಕು. ಮನೆಯಲ್ಲಿ ನೋಡಿದ್ದಕ್ಕೆ ಗೆರೆ ಸ್ವಲ್ಪ ಕೆಳಗೆ, 135/85. ಮನೆಯಲ್ಲಿ ನಾವು ನೆಮ್ಮದಿಯಲ್ಲಿ ಇರುತ್ತೇವಲ್ಲ, ಅದಕ್ಕೆ. ಹಾಗೆ ನೋಡಿದರೆ ದೊಡ್ಡಮ್ಮನದ್ದು ಗೆರೆ ದಾಟಿದೆ. ಅಮೆರಿಕದವರು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದರು. ಅದಕ್ಕೇ ಮೊಬೈಲಿನಲ್ಲಿ ಹುಡುಕಿದರೆ ಒಂದು, ಊರಿನ ಡಾಕ್ಟ್ರು ಹೇಳುವುದು ಇನ್ನೊಂದು ಅಂತ ಗೊಂದಲ ಆಗುತ್ತದೆ. ಇಬ್ಬರದ್ದೂ ತಪ್ಪಲ್ಲ. ದೇಹದೊಳಗೆ 139ಕ್ಕೂ 140ಕ್ಕೂ ನಡುವೆ ಯಾವ ಗೋಡೆಯೂ ಇಲ್ಲ. ಸುಮಾರು ಹತ್ತು ಲಕ್ಷ ಜನರ ಮಾಹಿತಿ ಕಲೆಹಾಕಿ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 40ರಿಂದ 69 ವಯಸ್ಸಿನವರಲ್ಲಿ 115/75ರಿಂದ ಶುರುವಾಗಿ ಮೇಲಿನದ್ದು 20 ಅಥವಾ ಕೆಳಗಿನದ್ದು 10 ಏರಿದಂತೆಲ್ಲ ಪಾರ್ಶ್ವವಾಯು, ಹೃದಯಾಘಾತದಿಂದ ಸಾಯುವ ಅಪಾಯ ದುಪ್ಪಟ್ಟಾಗುತ್ತಾ ಹೋಗುತ್ತದೆ. ಅಪಾಯ ಇಳಿಜಾರಿನಂತೆ ಏರುತ್ತದೆ. ಮಾತ್ರೆ ಎಲ್ಲಿಂದ ಶುರು ಮಾಡಬೇಕು ಅಂತ ತೀರ್ಮಾನಿಸಲು ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು, ಅಷ್ಟೇ. ಶುಗರ್, ಕಿಡ್ನಿ ತೊಂದರೆ, ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಡಾಕ್ಟ್ರು 130ಕ್ಕಿಂತ ಕೆಳಗೆ ಇಡಲು ನೋಡುತ್ತಾರೆ.

"ವಯಸ್ಸಿಗೆ ನೂರು ಸೇರಿಸಿದರೆ ಅಷ್ಟು ಬಿಪಿ ಇರಬಹುದು" ಅನ್ನುವ ಮಾತು ಈಗಲೂ ಜಗಲಿಯಲ್ಲಿ ಕೇಳಿಬರುತ್ತದೆ. 70 ವರ್ಷದ ಅಜ್ಜನಿಗೆ 170 ಸಹಜ ಅಂತ ಲೆಕ್ಕ. ಈ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಒಂದು ಕಾಲಕ್ಕೆ ದೊಡ್ಡ ದೊಡ್ಡ ವೈದ್ಯರೂ ನಾಳ ಬಿಗಿಯಾದ ಮೇಲೆ ರಕ್ತ ಹರಿಯಲು ಅಷ್ಟು ಒತ್ತಡ ಬೇಕೇ ಬೇಕು ಅಂತ ನಂಬಿದ್ದರು. ಅದರ ಬೆಲೆ ತೆತ್ತವರಲ್ಲಿ ಅಮೆರಿಕದ ಅಧ್ಯಕ್ಷರೂ ಇದ್ದರು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚಿನಲ್ಲಿ ಹೃದಯ ತಜ್ಞರು ಪರೀಕ್ಷಿಸಿದಾಗ ಬಿಪಿ 186/108 ಇತ್ತು. ಹೃದಯ ದೊಡ್ಡದಾಗಿತ್ತು. 1945ರ ಏಪ್ರಿಲ್ 12ರಂದು ತಲೆ ಹಿಡಿದುಕೊಂಡು ಕುಸಿದರು, ಮಿದುಳಿನಲ್ಲಿ ರಕ್ತಸ್ರಾವ. ಆ ಹೊತ್ತಿಗೆ ಬಿಪಿ 300/190. ಅವರಿಗಾಗ 63 ವರ್ಷ. ಇಡೀ ಜಗತ್ತಿನಲ್ಲಿ ಯಾವ ಚಿಕಿತ್ಸೆ ಬೇಕಾದರೂ ಸಿಗುತ್ತಿದ್ದ ಮನುಷ್ಯನಿಗೆ ಕೊಡಲು ಆಗ ಒಳ್ಳೆಯ ಮಾತ್ರೆಯೇ ಇರಲಿಲ್ಲ. ಇವತ್ತು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಅಮ್ಲೋಡಿಪಿನ್ ಅವರ ಕಾಲಕ್ಕೆ ಕನಸು.

ರೂಸ್‌ವೆಲ್ಟ್ ಸತ್ತ ಮೂರು ವರ್ಷಕ್ಕೆ, 1948ರಲ್ಲಿ, ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ಬಿಪಿ ಏನು ಮಾಡುತ್ತದೆ ಅಂತ ನಮಗೆ ಗೊತ್ತಾದದ್ದರಲ್ಲಿ ಬಹುಪಾಲು ಅಲ್ಲಿಂದ. ಜಾಸ್ತಿ ಒತ್ತಡಕ್ಕೆ ಎದುರಾಗಿ ದುಡಿದು ದುಡಿದು ಹೃದಯದ ಮಾಂಸ ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ. ಮಿದುಳಿನ ನಾಳ ಒಡೆಯಬಹುದು, ಅಥವಾ ಕಟ್ಟಿಕೊಳ್ಳಬಹುದು. ಕಿಡ್ನಿಯ ಸಣ್ಣ ನಾಳಗಳು ಹಾಳಾಗುತ್ತವೆ. ಕಿಡ್ನಿ ಹಾಳಾದರೆ ಬಿಪಿ ಇನ್ನೂ ಏರುತ್ತದೆ, ಅದೊಂದು ಸುತ್ತು. ಕಣ್ಣಿನ ಹಿಂದಿನ ಪದರಕ್ಕೂ ಪೆಟ್ಟು. ಅದಕ್ಕೇ ಬಿಪಿ ಇದ್ದವರಿಗೆ ಡಾಕ್ಟ್ರು ಮೂತ್ರ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಇಸಿಜಿ, ಕಣ್ಣು ಪರೀಕ್ಷೆ ಬರೆದುಕೊಡುವುದು. ದುಡ್ಡಿಗೋಸ್ಕರ ಬರೆದದ್ದು ಅಂತ ಬಿಡಬೇಡಿ. ಇಷ್ಟೆಲ್ಲ ಒಳಗೆ ನಡೆಯುವಾಗ ಹೊರಗೆ ಏನೂ ಗೊತ್ತಾಗುವುದಿಲ್ಲ. ಕುತ್ತಿಗೆ ನೋವು, ತಲೆಸುತ್ತು, ಮುಖ ಕೆಂಪಾಗುವುದು, ಇವನ್ನೆಲ್ಲ ಬಿಪಿಯ ಗುರುತು ಅಂದುಕೊಳ್ಳುತ್ತೇವೆ. ಬಹಳ ಮಂದಿಗೆ 170ರಲ್ಲೂ ಯಾವುದೂ ಇರುವುದಿಲ್ಲ. ದಿನವಿಡೀ ತೋಟದಲ್ಲಿ ಗೊಬ್ಬರ ಹೊತ್ತು, ಮಳೆಗಾಲದಲ್ಲಿ ಬೋರ್ಡೋ ಸಿಂಪಡಣೆ ಮಾಡಿಕೊಂಡು ಗಟ್ಟಿಮುಟ್ಟಾಗಿರುವವರಿಗೂ ಬಿಪಿ ಇರಬಹುದು. ದುಡಿಮೆ ಬಿಪಿಯನ್ನು ಸ್ವಲ್ಪ ಇಳಿಸುತ್ತದೆ ನಿಜ, ಆದರೆ ಬರುವುದೇ ಇಲ್ಲ ಅಂತ ಖಾತ್ರಿ ಕೊಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಹೇಳಿದ್ದು, ದೊಡ್ಡವರಲ್ಲಿ ನೂರಕ್ಕೆ 35 ಮಂದಿಗೆ ಅಧಿಕ ರಕ್ತದೊತ್ತಡ ಇದೆ ಅಂತ.

ಉಪ್ಪಿನ ವಿಷಯಕ್ಕೆ ಬಂದರೆ ನಮ್ಮ ಊಟವನ್ನೇ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಮ್ಮಿ, ಅಂದರೆ ಒಂದು ಸಣ್ಣ ಚಮಚ. ಇದನ್ನು ಚಮಚದಲ್ಲಿ ಅಳೆಯುತ್ತಾ ಕೂರಲು ಆಗುವುದಿಲ್ಲ, ಅದಕ್ಕೆ ನಾನು ಹೇಳುವ ಲೆಕ್ಕ ಬೇರೆ. ನಾಲ್ಕು ಮಂದಿ ಇರುವ ಮನೆಗೆ ತಿಂಗಳಿಗೆ 600 ಗ್ರಾಂ ಉಪ್ಪು. ಒಂದು ಕಿಲೋ ಪ್ಯಾಕೆಟ್ಟು ಒಂದೂವರೆ ತಿಂಗಳಿಗಿಂತ ಮೇಲೆ ಬರಬೇಕು, ಅದೂ ಉಪ್ಪಿನಕಾಯಿಗೆ ಹಾಕಿದ್ದನ್ನೂ ಸೇರಿಸಿ. ಈಗ ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ ನೋಡಿ.

ನಮ್ಮಲ್ಲಿ ಉಪ್ಪು ಸಾರಿಗಿಂತ ಭರಣಿಯಲ್ಲಿ ಜಾಸ್ತಿ ಇರುತ್ತದೆ. ಮಾವಿನ ಮಿಡಿ, ಉಪ್ಪುನೀರಿನ ಮಾವಿನಕಾಯಿ, ಮಳೆಗಾಲಕ್ಕೆ ಅಂತ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ, ಮೀನು ತಿನ್ನುವ ಮನೆಗಳಲ್ಲಿ ಒಣಮೀನು. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ಅದರ ಜೊತೆ ಮಿಡಿ ಕಚ್ಚಿಕೊಂಡು ಊಟ ಮುಗಿಸಿದರೆ ಹೊಟ್ಟೆಗೆ ಹಗುರ, ಆದರೆ ಉಪ್ಪಿನ ಲೆಕ್ಕದಲ್ಲಿ ಹಗುರವಲ್ಲ. ಇವನ್ನೆಲ್ಲ ಬಿಡಿ ಅಂತ ನಾನು ಹೇಳಲಾರೆ, ಮಳೆಗಾಲದಲ್ಲಿ ಸೊಳೆ ರೊಟ್ಟಿ ಇಲ್ಲದ ಮನೆ ಮನೆಯೇ? ಸೊಳೆಯನ್ನು ಹಿಂದಿನ ರಾತ್ರಿಯೇ ನೀರಲ್ಲಿ ಹಾಕಿ, ಎರಡು-ಮೂರು ಸಲ ನೀರು ಬದಲಿಸಿ, ಹಿಂಡಿ, ಮತ್ತೆ ಉಪ್ಪು ಹಾಕದೆ ಮಾಡಿ. ಗಂಜಿಗೆ ಉಪ್ಪು ಹಾಕಿದ ದಿನ ಮಿಡಿ ಬೇಡ, ಮಿಡಿ ಬೇಕಾದ ದಿನ ಗಂಜಿ ಸಪ್ಪೆ ಇರಲಿ. ಮೊದಲ ಎರಡು-ಮೂರು ವಾರ ನಾಲಗೆ ಒಪ್ಪುವುದಿಲ್ಲ, ಆಮೇಲೆ ಒಗ್ಗುತ್ತದೆ. ಉಪ್ಪು ಅರ್ಧಕ್ಕಿಳಿದರೆ ಬಿಪಿ ಇದ್ದವರಲ್ಲಿ ಮೇಲಿನ ಸಂಖ್ಯೆ 5ರಷ್ಟು ಇಳಿಯುತ್ತದೆ. ಇಂದುಪ್ಪು, ಕಲ್ಲುಪ್ಪು ಹಾಕಿದರೆ ತೊಂದರೆ ಇಲ್ಲ ಅನ್ನುವುದು ನಿಜವಲ್ಲ, ಎಲ್ಲವೂ ಹೆಚ್ಚುಕಮ್ಮಿ ಅದೇ ಸೋಡಿಯಂ ಕ್ಲೋರೈಡ್. ಕಾಲು ಭಾಗ ಪೊಟ್ಯಾಸಿಯಂ ಸೇರಿಸಿದ ಉಪ್ಪು ಬೇರೆ. ಚೀನಾದ ಹಳ್ಳಿಗಳಲ್ಲಿ ಅದನ್ನು ಬಳಸಿ ನೋಡಿದಾಗ ಪಾರ್ಶ್ವವಾಯು ಕಮ್ಮಿಯಾಯಿತು ಅಂತ 2021ರಲ್ಲಿ ಪ್ರಕಟವಾಗಿದೆ. ಆದರೆ ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್‌ನಂಥ ಮಾತ್ರೆ ತಿನ್ನುವವರು ಡಾಕ್ಟ್ರನ್ನು ಕೇಳದೆ ಅದನ್ನು ಮುಟ್ಟಬಾರದು, ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಕುತ್ತು. ದಿನಕ್ಕೆ ಮೂರು-ನಾಲ್ಕು ಬೊಂಡ ಕುಡಿದು ಬಿಪಿ ಇಳಿಸಲು ಹೊರಟವರಿಗೂ ಇದೇ ಮಾತು, ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ ಉಂಟು.

ಮಾತ್ರೆಯ ಬಗ್ಗೆ ಒಂದು ಮಾತು ಜೋರಾಗಿ ಹೇಳಬೇಕು. ಬಿಪಿ ಸರಿಯಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ. ಸರಿ ಇರುವುದೇ ಮಾತ್ರೆಯಿಂದ. ನಿಲ್ಲಿಸಿದ ಕೆಲವು ದಿನ ಅಥವಾ ವಾರದಲ್ಲಿ ಮತ್ತೆ ಏರುತ್ತದೆ, ಅಟೆನೊಲಾಲ್‌ನಂಥವನ್ನು ಏಕಾಏಕಿ ನಿಲ್ಲಿಸಿದರೆ ಹೃದಯಕ್ಕೆ ಅಪಾಯವೂ ಉಂಟು. ತೂಕ ಇಳಿದು, ಉಪ್ಪು-ಕುಡಿತ ಕಮ್ಮಿಯಾಗಿ ಬಿಪಿ ನಿಜವಾಗಿ ಇಳಿದಿದ್ದರೆ ಡಾಕ್ಟ್ರೇ ಕಡಿಮೆ ಮಾಡುತ್ತಾರೆ. ಮಾತ್ರೆಯಿಂದ ತೊಂದರೆಯಾದರೆ ಬದಲಿಸಲು ಬೇರೆ ಮಾತ್ರೆಗಳು ಬೇಕಾದಷ್ಟಿವೆ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ರಾಮಿಪ್ರಿಲ್, ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಇಲ್ಲೊಂದು ಬಲೆ ಇದೆ. ಮಾತ್ರೆಯಿಂದ ಬಂದ ಕೆಮ್ಮಿಗೆ ಮನೆಯಲ್ಲಿ ಜೇಷ್ಠಮಧು ಹಾಕಿದ ಕಷಾಯ ಶುರು ಮಾಡುತ್ತೇವೆ, ಜೇಷ್ಠಮಧು ಹೆಚ್ಚು ದಿನ ತೆಗೆದುಕೊಂಡರೆ ಬಿಪಿಯನ್ನೇ ಏರಿಸುತ್ತದೆ. ಮಂಡಿ ನೋವಿಗೆ ಮೆಡಿಕಲಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಏರಿಸುತ್ತವೆ, ಶೀತದ ಕೆಲವು ಮಾತ್ರೆಗಳೂ ಅಷ್ಟೇ. ಬಿಪಿ ಇದ್ದಕ್ಕಿದ್ದಂತೆ ಹಿಡಿತಕ್ಕೆ ಸಿಗದೆ ಹೋದರೆ ಮೊದಲು ಇವನ್ನು ನೆನಪಿಸಿಕೊಂಡು ಡಾಕ್ಟ್ರಿಗೆ ಹೇಳಿ.

ನಾಟಿ ಮದ್ದನ್ನು ಹೀಗಳೆಯುವವನು ನಾನಲ್ಲ. ನಮ್ಮ ಕಾಡಿನಲ್ಲೂ ಬೆಳೆಯುವ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಎಂದು ಮುಂಬೈಯ ಡಾ. ರುಸ್ತಮ್ ಜಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಇಡೀ ಜಗತ್ತು ಅದರತ್ತ ತಿರುಗಿತು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಮದ್ದನ್ನು ಬೇರ್ಪಡಿಸಿದರು. ಆದರೆ ಅದೇ ಬೇರು ಜಾಸ್ತಿಯಾದರೆ ಮನಸ್ಸು ಕುಗ್ಗುತ್ತದೆ, ನಾಡಿ ನಿಧಾನವಾಗುತ್ತದೆ. ಗುಡ್ಡೆಯಿಂದ ಅಗೆದು ತಂದ ಬೇರಿನಲ್ಲಿ ಮದ್ದಿನ ಅಂಶ ಎಷ್ಟು ಅಂತ ಯಾರಿಗೆ ಗೊತ್ತು? ನಡೆಯುತ್ತಿರುವ ಮಾತ್ರೆಯ ಜೊತೆ ಅದನ್ನು ಸೇರಿಸಿದರೆ ಇನ್ನೂ ಕಷ್ಟ.

ಲೋ ಬಿಪಿ ಅಂತ ಹೇಳಿಕೊಳ್ಳುವವರು, ಹೆಚ್ಚಾಗಿ ಅಕ್ಕಂದಿರು, ಒಂದು ವಿಷಯ ತಿಳಿದುಕೊಳ್ಳಿ. 100/60 ಇದ್ದು ಆರಾಮಾಗಿದ್ದರೆ ಅದು ಕಾಯಿಲೆ ಅಲ್ಲ. ಸುಸ್ತಿಗೆ ಕಾರಣ ರಕ್ತಹೀನತೆಯೋ ಥೈರಾಯಿಡೋ ಇರಬಹುದು, ಅದನ್ನು ಪರೀಕ್ಷಿಸಬೇಕು, ಸುಮ್ನೆ ಉಪ್ಪು ಹಾಕಿದ ಶರಬತ್ತು ಕುಡಿಯುವುದಲ್ಲ. ಹಿರಿಯರಲ್ಲಿ ಮಾತ್ರ ಒಂದು ಕಡೆ ಎಚ್ಚರ ಬೇಕು. ಕೂತವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದ್ದು 10 ಇಳಿದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೂ ಆಗುತ್ತದೆ. ಅಜ್ಜ-ಅಜ್ಜಿಗೆ ನಿಲ್ಲಿಸಿಯೂ ಒಮ್ಮೆ ನೋಡಿ ಅಂತ ಕೇಳಿ.

ಯಾವಾಗ ಓಡಬೇಕು? 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಬಾಯಿ ಓರೆಯಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ ಕೂಡಲೇ. ಬಾಯಿ ಓರೆಯಾಗಿ ಕೈ ಸೋತರಂತೂ ಬಿಪಿ ಎಷ್ಟೇ ಇರಲಿ, ನೋಡುತ್ತಾ ಕೂರಬೇಡಿ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯಷ್ಟೇ ಸಮಯ, ಕಾಸರಗೋಡು ಪೇಟೆಯಿಂದಲೇ ಮಂಗಳೂರಿಗೆ 50 ಕಿಲೋಮೀಟರ್, ಒಳಗಿನ ಊರುಗಳಿಂದ ಇನ್ನೂ ದೂರ. ಸ್ಕ್ಯಾನ್ ಎಲ್ಲಿ ಇದೆಯೋ ಅಲ್ಲಿಗೇ ನೇರ ಹೋಗಬೇಕು. 108 ಎರಡೂ ರಾಜ್ಯದಲ್ಲಿ ಉಂಟು. ಯಾವ ಲಕ್ಷಣವೂ ಇಲ್ಲದೆ 185 ತೋರಿಸಿದರೆ ಗಾಬರಿ ಬೇಡ, ಐದು ನಿಮಿಷ ಕೂತು ಮತ್ತೆ ನೋಡಿ, ಹಾಗೇ ಇದ್ದರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಹೋಗಿ. ನಾಲಗೆ ಕೆಳಗೆ ಮಾತ್ರೆ ಇಟ್ಟು ಒಮ್ಮೆಲೇ ಇಳಿಸುವ ಹಳೆಯ ಪದ್ಧತಿ ಬೇಡ, ಬಿಪಿ ಧಡಕ್ಕನೆ ಕುಸಿದರೆ ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ.

ಬಸುರಿಯರ ಲೆಕ್ಕ ಪೂರ್ತಿ ಬೇರೆ. ಐದು ತಿಂಗಳ ನಂತರ 140/90 ಬಂದರೆ ಅದೇ ದಿನ ತೋರಿಸಬೇಕು, 160/110 ಅಂದರೆ ತುರ್ತು. ತಲೆನೋವು, ಕಣ್ಣೆದುರು ಮಿಂಚು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದ್ದರೆ ಇನ್ನೂ ಬೇಗ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಗರ್ಭಕ್ಕೆ ಹಾನಿ, ಅಂಥ ಮಾತ್ರೆ ತಿನ್ನುತ್ತಿರುವವರು ಮಗು ಬೇಕೆಂದುಕೊಂಡಾಗಲೇ ಡಾಕ್ಟ್ರಿಗೆ ಹೇಳಿ ಬದಲಿಸಿಕೊಳ್ಳಬೇಕು.

ಕೊನೆಯದಾಗಿ ತೋರಿಸುವುದು ಎಲ್ಲಿ ಅನ್ನುವ ಪ್ರಶ್ನೆ. ನಾವು ಕಾಸರಗೋಡಿನವರು ಸಣ್ಣದಕ್ಕೂ ಮಂಗಳೂರು ಬಸ್ಸು ಹತ್ತುತ್ತೇವೆ, ಭಾಷೆಯ ಅನುಕೂಲವೂ ಒಂದು ಕಾರಣ. ಆದರೆ 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮನೆಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಬಿಪಿಯಂಥ ತಿಂಗಳು ತಿಂಗಳಿನ ಕಾಯಿಲೆಗೆ ಹತ್ತಿರದ ಕುಟುಂಬಾರೋಗ್ಯ ಕೇಂದ್ರವೇ ಸರಿ. ಅಲ್ಲಿ ಬಿಪಿ-ಶುಗರ್ ಕ್ಲಿನಿಕ್ ನಡೆಯುತ್ತದೆ, ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ಹೋಗುವಾಗ ಮನೆಯಲ್ಲಿ ಬರೆದಿಟ್ಟ ಲೆಕ್ಕ, ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪು, ಕಷಾಯ ಕುಡಿಯುತ್ತಿದ್ದರೆ ಅದರ ಹೆಸರು, ಇಷ್ಟನ್ನು ತೆಗೆದುಕೊಂಡು ಹೋಗಿ. ಸಂಖ್ಯೆ ಓದಲು ಕನ್ನಡವೋ ಮಲಯಾಳವೋ ಬೇಕಿಲ್ಲ, ಡಾಕ್ಟ್ರು ಆ ಹಾಳೆ ನೋಡಿಯೇ ಅರ್ಧ ತೀರ್ಮಾನ ಮಾಡುತ್ತಾರೆ. ಬಿಪಿ ಇಲ್ಲದವರು, 18 ದಾಟಿದ ಯಾರೇ ಆಗಲಿ, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ. ಅಪ್ಪನಿಗೋ ಅಮ್ಮನಿಗೋ ಇದ್ದರೆ, ಅಥವಾ ಸಂಖ್ಯೆ 130ರ ಆಸುಪಾಸಿನಲ್ಲಿ ಇದ್ದರೆ, ಆರು ತಿಂಗಳಿಗೊಮ್ಮೆ.